ಸಂಚಾರದಿಂದ ನೆಲೆಗೆ : ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಶರಣೆ ಭೀಮಾಂಬಿಕೆಯ ನೆಲೆಯಾದ ಇಟಗಿ, ಅದರ ಸೀಮೆಯ ನಿಡಗುಂದಿ, ನರೇಗಲ್ಲ, ಗಜೇಂದ್ರಗಡ ಇವೆಲ್ಲ ರೋಣ ನಾಡಿನ ಹೆಸರಾಂತ ಊರುಗಳು. ಗದಗಿನಿಂದ ಹೊಟಗಿಗೆ ಹೋಗುವ ರೈಲುಮಾರ್ಗವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೊಳೆಆಲೂರು, ಬಾದಾಮಿಗಳ ಮೇಲೆ ಹಾದುಹೋಯಿತಾದರೂ ಈ ಊರುಗಳು ಅದರಿಂದ ದೂರವೇ ಉಳಿದವು. ಇಲ್ಲಿಗೆ ಬರುವವರಿಗೆ ಕಾಲುನಡಿಗೆ, ಇಲ್ಲವೆ ಚಕ್ಕಡಿ. ಮಳೆ ಹಿಡಿದರೆ ಎರೆಯ ಕೆಸರಿನಲ್ಲಿ ಚಕ್ಕಡಿಯ ಗಾಲಿಯೂ ಹೂತುಹೋಗುವುದು. ಇಂತಹ ನಾಡಿನ ನಿಡಗುಂದಿಕೊಪ್ಪದಲ್ಲಿ 1914ರಲ್ಲಿ ಒಂದು ಪಾಠಶಾಲೆ ಹುಟ್ಟಿತು. ಅದಕ್ಕೆ ಗೋಡೆಯಿರಲಿಲ್ಲ, ಮಾಡಿರಲಿಲ್ಲ. ಗುರುಗಳು ನಡೆದಲ್ಲಿಗೆ ಅದೂ ನಡೆಯುತ್ತಿತ್ತು. ಆ ಗುರುಗಳೇ ಪಂಚಾಕ್ಷರಿ ಗವಾಯಿಗಳವರು.

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ತಮ್ಮ ಗದಿಗೆಯ್ಯನಿಗೂ ಕಣ್ಣಿನ ಬೆಳಕಿರಲಿಲ್ಲ. ಆದರೆ ಇಬ್ಬರ ಕಂಠದಲ್ಲಿಯೂ ನಾದವಿತ್ತು. ಅಂದಿನ ಹಳ್ಳಿಗಳಲ್ಲಿ ಕುರುಡು ಮಗುವಿಗೆ ತೆರೆದಿದ್ದ ದಾರಿ ಒಂದೇ : ಮನೆಯವರ ಹಂಗು, ಅದು ತೀರಿದ ಮೇಲೆ ಭಿಕ್ಷೆ. ಈ ಸಹೋದರರ ಪುಣ್ಯದಿಂದ ಹಾನಗಲ್ಲ ಕುಮಾರಸ್ವಾಮಿಗಳ ದೃಷ್ಟಿ ಅವರ ಮೇಲೆ ಬಿದ್ದಿತು. 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ಅಣ್ಣನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಉಳಿದ ತಮ್ಮನನ್ನು ಸ್ವಾಮಿಗಳು ಸಂಗೀತಕ್ಕೆಂದೇ ಬೆಳೆಸಿದರು.

ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದನು. ಬಳಿಕ ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಪರಂಪರೆಯ ಗಾಯನವನ್ನೂ, ಮುಂದೆ ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರ ಗಾಯನಕ್ರಮವನ್ನೂ ಸಾಧಿಸಿದನು. ದಕ್ಷಿಣಾದಿ ಉತ್ತರಾದಿಗಳೆರಡೂ ಒಂದೇ ಕಂಠದಲ್ಲಿ ಕೂಡಿದುದು ವಿರಳವಾದ ಸಂಗತಿ. ಗದಿಗೆಯ್ಯನು ಪಂಚಾಕ್ಷರಿ ಗವಾಯಿಯಾದನು. ಇಷ್ಟು ವಿದ್ಯೆಯುಳ್ಳವರಿಗೆ ಸಂಸ್ಥಾನಗಳ ಆಶ್ರಯವೋ ಪಟ್ಟಣಗಳ ಬೈಠಕ್ಕುಗಳೋ ದುರ್ಲಭವಾಗಿರಲಿಲ್ಲ. ಆದರೆ ಅವರು ಬ್ರಹ್ಮಚರ್ಯವನ್ನು ಕೈಕೊಂಡು, ತನ್ನಂತೆಯೇ ಇರುಳಿನಲ್ಲಿ ಹುಟ್ಟಿದ ಮಕ್ಕಳಿಗೆ ವಿದ್ಯೆಯನ್ನು ಹಂಚುವ ಕಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಈ ಶಾಲೆ ಏಕೆ ಸಂಚರಿಸಬೇಕಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಬ್ರೈಲ್ ಲಿಪಿ ನಿಶ್ಚಿತವಾದುದು 1951ರಲ್ಲಿ. ಅದಕ್ಕೆ ಮೊದಲು ನಮ್ಮ ಹಳ್ಳಿಯ ಅಂಧ ಬಾಲಕನಿಗೆ ಗುರುಮುಖವೇ ಪುಸ್ತಕ, ಕಿವಿಯೇ ಕಣ್ಣು. ಬೆಳಗಿನ ರಾಗವನ್ನು ಬೆಳಗಿನಲ್ಲಿಯೇ ಕೇಳಬೇಕು, ಇರುಳಿನದನ್ನು ಇರುಳಿನಲ್ಲಿಯೇ ತಿದ್ದಿಸಿಕೊಳ್ಳಬೇಕು. ಆದುದರಿಂದ ಶಿಷ್ಯನು ಗುರುವಿನ ಬಳಿಯಲ್ಲಿಯೇ ವಾಸಿಸತಕ್ಕದ್ದು. ಗುರುವಾದರೋ ಶಿಷ್ಯರ ಹೊಟ್ಟೆಗಾಗಿ ಊರೂರು ತಿರುಗತಕ್ಕದ್ದು. ಹೀಗಾಗಿ ಮನೆ, ಪಾಠ, ಸಂಪಾದನೆ ಮೂರೂ ಒಂದೇ ಬಂಡಿಯ ಹೊರೆಯಾದವು. ಮಠದ ಅಂಗಳ, ಗುಡಿಯ ಪೌಳಿ, ಜಾತ್ರೆಯ ಚಪ್ಪರ, ಎಲ್ಲಿ ಇಳಿದರೋ ಅಲ್ಲಿಯೇ ತಂಬೂರಿಯ ಶ್ರುತಿ ಕೂಡುವುದು. ಹಳ್ಳಿಗರು ಕೊಟ್ಟ ಜೋಳವೇ ಆ ದಿನದ ಊಟ.

ಈ ಕ್ರಮದಿಂದಾದ ಲಾಭ ಸಣ್ಣದಲ್ಲ. ಶಾಸ್ತ್ರೀಯ ಸಂಗೀತವನ್ನು ಎಂದೂ ಕೇಳದಿದ್ದ ಊರುಗಳು ಅದನ್ನು ತಮ್ಮ ಗುಡಿಯ ಕಟ್ಟೆಯ ಮೇಲೆಯೇ ಕೇಳಿದವು. ಶಾಲೆಯನ್ನು ಹುಡುಕಿಕೊಂಡು ಬರಲಾರದ ಕುರುಡು ಮಕ್ಕಳನ್ನು ಶಾಲೆಯೇ ಹುಡುಕಿಕೊಂಡು ಹೋಯಿತು. ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ, ಹಸುಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜನನ್ನು ಸೋದರಮಾವನು ಗವಾಯಿಗಳ ಕೈಗೊಪ್ಪಿಸಿದನು. ಕಣ್ಣುಳ್ಳ ಪ್ರತಿಭಾವಂತರಿಗೂ ಅಲ್ಲಿ ಬಾಗಿಲು ತೆರೆದಿತ್ತು. ಯಲಿವಾಳದ ಬಸವರಾಜ ರಾಜಗುರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಇವರು ಆ ಬಳಗದಲ್ಲಿ ಬೆಳೆದವರು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ತರುಣ ರಾಜಗುರುಗಳು ಹಾಡಿದರು. ತಬಲಾ ನುಡಿಸುತ್ತ ಕುಳಿತವರು ಸ್ವತಃ ಗುರುಗಳು. ಶಿಷ್ಯನ ಮೊದಲ ಮಹಾಸಭೆಯಲ್ಲಿ ಗುರುವು ಪಕ್ಕವಾದ್ಯಕ್ಕೆ ಕೂಡುವುದರಲ್ಲಿ ಅವರ ಸ್ವಭಾವವೆಲ್ಲ ವ್ಯಕ್ತವಾಗುತ್ತದೆ.

ಆದರೆ ಇದೇ ಕ್ರಮದಲ್ಲಿ ಒಂದು ಅಪಾಯವೂ ಅಡಗಿತ್ತು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಹಿಂದಿನ ಆಸರೆ ಹೋಯಿತು. ಮಕ್ಕಳ ಸಂಖ್ಯೆ ಬೆಳೆಯುತ್ತಿತ್ತು. ಎಲ್ಲವೂ ಒಂದೇ ಬಂಡಿಯ ಮೇಲಿರುವಾಗ ಬಂಡಿ ನಿಂತರೆ ಮನೆಯೂ ನಿಂತಿತು, ಮನೆಯಲ್ಲಿ ಒಬ್ಬನು ಕಾಯಿಲೆ ಬಿದ್ದರೆ ಬಂಡಿಯೂ ನಿಂತಿತು. ಮಳೆ ತಪ್ಪಿದ ವರ್ಷ ಊರುಗಳೇ ಹಸಿದಿರುವಾಗ ಹಾಡುವವರನ್ನು ಕರೆಯುವವರಾರು? ಹಾಗೆಂದು ಒಂದೆಡೆ ಕಟ್ಟಡ ಕಟ್ಟಿ ಕೂಡುವುದೂ ನಿರ್ಭಯವಾದ ಮಾರ್ಗವಾಗಿರಲಿಲ್ಲ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಮುಂದೆ ಮುಂಬಯಿಯಲ್ಲಿ ಅದಕ್ಕೆ ಭವನವನ್ನು ಕಟ್ಟಿಸಿದ್ದರು. ಸಾಲದ ಹೊರೆಯಿಂದ 1924ರಲ್ಲಿ ಆ ಭವನ ಕೈಬಿಟ್ಟುಹೋಗಿತ್ತು. ತಿರುಗಿದರೆ ಮಕ್ಕಳಿಗೆ ಆಯಾಸ, ನಿಂತರೆ ಅನ್ನಕ್ಕೆ ಸಂಶಯ. ಇದು ಗವಾಯಿಗಳ ಮುಂದಿದ್ದ ಪ್ರಶ್ನೆ.

ಗಾಲಿಯ ಮೇಲೆ ಮನೆ ಕಟ್ಟಿಕೊಂಡು ದೇಶ ತಿರುಗುವ ಇಂದಿನ ಪಾಶ್ಚಾತ್ಯ ಪ್ರವಾಸಿಗರಲ್ಲಿಯೂ ಇದನ್ನು ಹೋಲುವ ಚರ್ಚೆಯೊಂದುಂಟು. ಎಂಜಿನೂ ಮನೆಯೂ ಒಂದೇ ಆಗಿರುವ ಮೋಟಾರುಮನೆ ಲೇಸೋ, ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ದು, ತಂಗಿದಲ್ಲಿ ಬಿಚ್ಚಿ ನಿಲ್ಲಿಸುವ ಗಾಲಿಮನೆ ಲೇಸೋ ಎಂದು ಅವರು ವಾದಿಸುವರು. ಮೊದಲನೆಯದನ್ನು ತೊರೆದು ಎರಡನೆಯದಕ್ಕೆ ಬಂದವರು ಹೇಳುವ ಕಾರಣ ಸರಳವಾದುದು : ಮನೆಯನ್ನು ನಿಲ್ಲಿಸಿ ಕೆಲಸಕ್ಕೆ ಹೋಗಿಬರಬಹುದು. ಸಂಜೆಗೆ ಚಕ್ಕಡಿಯ ನೊಗದಿಂದ ಎತ್ತು ಬಿಚ್ಚುವ ನಮ್ಮ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಗವಾಯಿಗಳು ಮಾಡಿದುದೂ ಇಂತಹದೇ ಒಂದು ಏರ್ಪಾಡು. ಅವರು ಸಂಚಾರವನ್ನು ತ್ಯಜಿಸಲಿಲ್ಲ. ಅದನ್ನು ಮನೆಯಿಂದ ಬೇರ್ಪಡಿಸಿದರು.

ಇದಕ್ಕೆ ಸಾಧನವಾದುದು ನಾಟಕ. ಕುಮಾರೇಶ್ವರರ ಹೆಸರಿನಲ್ಲಿ ನಾಟ್ಯಸಂಘವೊಂದು ಏರ್ಪಟ್ಟಿತು. ಪುಟ್ಟರಾಜರು ಅದಕ್ಕಾಗಿ ನಾಟಕಗಳನ್ನು ರಚಿಸಿದರು. ಕಂಪನಿ ಊರೂರು ತಿರುಗಿ ಹಣ ತರುವುದು, ಶಾಲೆ ಒಂದೆಡೆ ನಿಂತು ಮಕ್ಕಳನ್ನು ಸಾಕುವುದು. ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆಗೆ ಸ್ಥಳವನ್ನಿತ್ತರು. 1942ರಲ್ಲಿ ಅಲ್ಲಿ ವೀರೇಶ್ವರ ಪುಣ್ಯಾಶ್ರಮವು ರೂಪುಗೊಂಡಿತು. ರೈಲು ಕೂಡುವ ಊರಾದ ಗದಗಿಗೆ ಹುಬ್ಬಳ್ಳಿ, ಬಳ್ಳಾರಿ, ವಿಜಾಪುರಗಳ ಕಡೆಯಿಂದ ಜನ ಬರುವುದು ಸುಲಭವಾಗಿತ್ತು. ಮೊದಲು ಮಕ್ಕಳ ಬಳಿಗೆ ಹೋಗುತ್ತಿದ್ದ ಶಾಲೆಗೆ ಈಗ ಮಕ್ಕಳು ಬರತೊಡಗಿದರು.

ಈ ನೆಲೆಯ ಸುಖವನ್ನು ಗವಾಯಿಗಳು ಬಹುಕಾಲ ಅನುಭವಿಸಲಿಲ್ಲ. 1944ರ ಜೂನ್ 11ರಂದು ಅವರು ದೇಹವನ್ನು ಬಿಟ್ಟರು. ವಯಸ್ಸು ಐವತ್ತೆರಡು. ತಿರುಗಾಟಕ್ಕೆ ಸುಮಾರು ಮೂವತ್ತು ವರ್ಷ ಸಂದಿದ್ದರೆ ನೆಲೆಗೆ ಸಂದುದು ಎರಡೇ ವರ್ಷ. ಎಲ್ಲವೂ ಇನ್ನೂ ಒಂದೇ ಬಂಡಿಯ ಮೇಲೆ ಅವರೊಬ್ಬರನ್ನೇ ನಂಬಿ ಸಾಗುತ್ತಿದ್ದಿದ್ದರೆ ಆ ದಿನವೇ ಶಾಲೆಯೂ ಚದುರಿಹೋಗುವ ಸಂಭವವಿತ್ತು. ಹಾಗಾಗಲಿಲ್ಲ. ಮೂವತ್ತು ವಯಸ್ಸಿನ ಪುಟ್ಟರಾಜ ಗವಾಯಿಗಳು ಹೊರೆಯನ್ನು ಹೊತ್ತರು. 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷಗಳ ಕಾಲ, ಅದನ್ನು ಇಳಿಸಲಿಲ್ಲ. ಗುರುವಿನಂತೆಯೇ ಅವರೂ ಅಂಧರು ಎಂಬುದನ್ನು ನೆನೆದಾಗ ಈ ಪರಂಪರೆಯ ಬಲವು ಅರಿವಾಗುವುದು.

ಗವಾಯಿಗಳ ಗಾಯನವನ್ನು ಕಿವಿಯಾರೆ ಕೇಳಿದವರು ಈಗ ಉಳಿದಿರುವುದು ಅಪರೂಪ. ಆದರೂ ನಾಡಿನ ಯಾವುದೋ ಊರಿನ ಶಾಲೆಯಲ್ಲಿ, ಕೀರ್ತನೆಯ ಮೇಳದಲ್ಲಿ, ಹಾರ್ಮೋನಿಯಂ ಮುಂದೆ ಕುಳಿತ ಅಂಧ ಸಂಗೀತಗಾರನನ್ನು ಯಾರಲ್ಲಿ ಕಲಿತಿರಿ ಎಂದು ವಿಚಾರಿಸಿದರೆ ಅನೇಕ ಸಲ ಬರುವ ಉತ್ತರ ಗದಗಿನ ಆಶ್ರಮವೇ. ಭಿಕ್ಷೆಗೆ ಚಾಚಬೇಕಾಗಿದ್ದ ಕೈ ಸ್ವರದ ಮನೆಗಳ ಮೇಲೆ ಆಡುತ್ತಿದೆ. ಅದರ ದುಡಿಮೆಯಿಂದ ಒಂದು ಸಂಸಾರ ಉಣ್ಣುತ್ತಿದೆ.