52 ಪರ್ಸೆಂಟ್: ಮಾರ್ಕೊ ಪಂತಾನಿಯ ಕಥೆ

ಅಂಕೋಲಾದಿಂದ ಯಲ್ಲಾಪುರದ ಕಡೆ ಒಮ್ಮೆಯಾದ್ರೂ ಸೈಕಲ್ ತುಳಿದವರಿಗೆ ಅರಬೈಲ್ ಘಟ್ಟ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಎರಡನೇ ತಿರುವಿಗೇ ತೊಡೆ ಉರಿಯೋಕೆ ಶುರು, ಹಿಂದಿನಿಂದ ಲೋಡ್ ಲಾರಿಯ ಹಾರ್ನ್, ಬಾಯಿ ತೆರೆದು ಎಷ್ಟು ಉಸಿರು ಎಳೆದರೂ ಸಾಲೋದಿಲ್ಲ. ಕಾಲಲ್ಲಿ ಶಕ್ತಿ ಇಲ್ಲ ಅಂತ ನಾವು ಅಂದ್ಕೊಳ್ತೇವೆ. ನಿಜಕ್ಕೂ ಅಲ್ಲಿ ಕಡಿಮೆ ಬೀಳೋದು ರಕ್ತ ಹೊತ್ತು ತರುವ ಆಮ್ಲಜನಕ. ಘಟ್ಟ ಹತ್ತೋದ್ರಲ್ಲಿ ಜಗತ್ತಿಗೇ ಹೆಸರಾದ ಒಬ್ಬ ಸೈಕ್ಲಿಸ್ಟ್ ಇದ್ದ, ಮಾರ್ಕೊ ಪಂತಾನಿ. ಅವನ ರಕ್ತದ ಬಗ್ಗೆ ಇಟಲಿಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಅವನು ಸತ್ತು 20 ವರ್ಷ ಕಳೆದಾಗಲೂ ಅದು ಪೂರ್ತಿ ಮುಗಿದಿರಲಿಲ್ಲ.

ಪಂತಾನಿ ಹುಟ್ಟಿದ್ದು 1970ರ ಜನವರಿ 13ರಂದು, ಇಟಲಿಯ ಚೆಸೇನಾದಲ್ಲಿ. ಬೆಳೆದದ್ದು ಪಕ್ಕದ ಚೆಸೆನಾಟಿಕೊ ಅನ್ನೋ ಮೀನುಗಾರರ ಊರಲ್ಲಿ. ನಮ್ಮ ಕಾರವಾರದ ಹಾಗೆ ಅಲ್ಲೂ ಬಂದರು, ದೋಣಿ, ಬೇಸಿಗೆಯಲ್ಲಿ ಬೀಚಿಗೆ ಬರುವ ಪ್ರವಾಸಿಗರು. ಒಂದೇ ವ್ಯತ್ಯಾಸ, ನಮ್ಮಲ್ಲಿ ಗುಡ್ಡ ಸಮುದ್ರಕ್ಕೇ ಬಂದು ಕಾಲಿಡ್ತದೆ, ಅಲ್ಲಿ ಊರು ಪೂರ್ತಿ ಸಮತಟ್ಟು. ಅಪ್ಪ ಪ್ಲಂಬರ್. ಅಮ್ಮ ಟೋನಿನಾ ಒಂದು ಸಣ್ಣ ಅಂಗಡಿಯಲ್ಲಿ ಪಿಯಾದಿನಾ ಮಾಡಿ ಮಾರ್ತಿದ್ರು. ಪಿಯಾದಿನಾ ಅಂದ್ರೆ ಮೈದಾದ ದಪ್ಪ ರೊಟ್ಟಿ, ಒಳಗೆ ಚೀಸ್, ಮಾಂಸ ಇಟ್ಟು ಮಡಚಿ ಕೊಡ್ತಾರೆ. ಸೈಕಲ್ ಕೊಡಿಸಿದ್ದು ಅಜ್ಜ. ಹುಡುಗ ಸಮುದ್ರಕ್ಕೆ ಬೆನ್ನು ಹಾಕಿ ದೂರದ ಗುಡ್ಡ ಹುಡುಕಿಕೊಂಡು ಹೋಗ್ತಿದ್ದ.

1992ರಲ್ಲಿ ಅವನು ಪ್ರೊಫೆಷನಲ್ ಆದ. 1994ರಲ್ಲಿ ಜಿರೋ ಡಿ ಇಟಾಲಿಯಾದಲ್ಲಿ ಎರಡನೇ ಸ್ಥಾನ, ಅದೇ ವರ್ಷ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರನೇ ಸ್ಥಾನ. ಎರಡೂ ಮೂರು ವಾರಗಳ ರೇಸ್, ದಿನಕ್ಕೆ ನೂರೈವತ್ತು ಇನ್ನೂರು ಕಿಲೋಮೀಟರ್. ಇವನ ತೂಕ ಬರೀ 57 ಕೆಜಿ. ತಲೆ ಬೋಳು, ಕಿವಿಗೆ ರಿಂಗ್, ತಲೆಗೆ ಕಟ್ಟಿದ ಬಟ್ಟೆ. ಜನ ಪ್ರೀತಿಯಿಂದ ಕಡಲ್ಗಳ್ಳ ಅಂತ ಕರೀತಿದ್ರು. ಘಟ್ಟ ಶುರುವಾದ ಮೇಲೆ ಆ ಬಟ್ಟೆ ಕಿತ್ತು ಎಸೆದ ಅಂದ್ರೆ ಅಟ್ಯಾಕ್ ಮಾಡ್ತಾನೆ ಅಂತಲೇ ಅರ್ಥ.

ಎಷ್ಟು ಸ್ಪೀಡ್? ಲೆಕ್ಕ ಹಾಕೋಣ, ಇದು ನಮ್ಮ ಕೆಲಸವೇ ತಾನೇ. ಫ್ರಾನ್ಸಿನ ಆಲ್ಪ್ ಡ್ಯೂಯೆಜ್ ಘಟ್ಟ 13.8 ಕಿಲೋಮೀಟರ್, 21 ತಿರುವು, ಸರಾಸರಿ ಏರು ಸುಮಾರು 8 ಪರ್ಸೆಂಟ್. 1997ರಲ್ಲಿ ಪಂತಾನಿ ಅದನ್ನು ಹತ್ತಿದ್ದು ಸುಮಾರು ಮೂವತ್ತೇಳೂವರೆ ನಿಮಿಷದಲ್ಲಿ. ಅಂದ್ರೆ ಗಂಟೆಗೆ 22 ಕಿಲೋಮೀಟರ್. ಅಮದಳ್ಳಿ ಹತ್ತಿರದ ಸಮತಟ್ಟು ರಸ್ತೆಯಲ್ಲಿ ನಾನು ಹೋಗೋದೇ ಅಷ್ಟು, ಅದೂ ಗಾಳಿ ಹಿಂದಿನಿಂದ ಇದ್ರೆ. ಎಂಜಿಎಚ್ ಬೈ ಟಿ ಹಾಕಿ ನೋಡಿ: ಸೈಕಲ್ ಸೇರಿ 65 ಕೆಜಿ, ಎತ್ತರ ಸುಮಾರು 1,100 ಮೀಟರ್. ಬರೀ ಗುರುತ್ವಾಕರ್ಷಣೆ ವಿರುದ್ಧವೇ 300 ವ್ಯಾಟ್‌ಗಿಂತ ಜಾಸ್ತಿ ಬರ್ತದೆ. ಗಾಳಿ, ಟಯರ್ ಘರ್ಷಣೆ ಬೇರೆ. ನಾಲ್ಕು ಸೀಲಿಂಗ್ ಫ್ಯಾನ್‌ಗಳನ್ನು ಮುಕ್ಕಾಲು ಗಂಟೆ ಹತ್ತಿರ ಒಬ್ಬನೇ ಕಾಲಲ್ಲಿ ತಿರುಗಿಸಿದ ಹಾಗೆ.

ಇಷ್ಟು ಪವರ್ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

ಕಾಲೇಜಿನ ರಕ್ತದಾನ ಶಿಬಿರದಲ್ಲಿ ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡ್ತಾರಲ್ಲ, 12.5 ಇಲ್ಲದಿದ್ರೆ ವಾಪಸ್ ಕಳಿಸ್ತಾರೆ. ಆ ಸಂಖ್ಯೆಯನ್ನು ಮೂರರಿಂದ ಗುಣಿಸಿದ್ರೆ ಹೆಚ್ಚುಕಡಿಮೆ ಹಿಮಟೋಕ್ರಿಟ್ ಸಿಗ್ತದೆ. ಅಂದ್ರೆ ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣ ಎಷ್ಟು ಪರ್ಸೆಂಟ್ ಅನ್ನೋದು. ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ್ರೆ ಕೆಂಪು ಭಾಗ ಕೆಳಗೆ ಕೂರ್ತದೆ, ಅಳೆದ್ರೆ ಆಯ್ತು. ಗಂಡಸರಲ್ಲಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಿಂದ ಐವತ್ತರವರೆಗೆ ಇರ್ತದೆ. ಮೂತ್ರಪಿಂಡ ತಯಾರಿಸುವ ಇಪಿಒ ಅನ್ನೋ ಹಾರ್ಮೋನು ಮೂಳೆಮಜ್ಜೆಗೆ ಕೆಂಪು ಕಣ ಮಾಡು ಅಂತ ಆರ್ಡರ್ ಕೊಡ್ತದೆ. 1980ರ ದಶಕದ ಕೊನೆಗೆ ಕಿಡ್ನಿ ರೋಗಿಗಳಿಗಾಗಿ ಅದರ ಇಂಜೆಕ್ಷನ್ ಮಾರುಕಟ್ಟೆಗೆ ಬಂತು. ಸೈಕಲ್ ಟೀಮುಗಳಿಗೆ ತಲುಪೋಕೆ ಹೆಚ್ಚು ದಿನ ಬೇಕಾಗಲಿಲ್ಲ. ಕಣ ಹೆಚ್ಚಾದ್ರೆ ಆಮ್ಲಜನಕ ಹೆಚ್ಚು. ಆದ್ರೆ ರಕ್ತ ಗಟ್ಟಿಯಾಗಿ ಹೃದಯದ ಪಂಪ್‌ಗೆ ಲೋಡ್ ಕೂಡ ಹೆಚ್ಚು.

ತೊಂದರೆ ಏನಂದ್ರೆ ಆಗ ಇಪಿಒ ಹಿಡಿಯೋ ಟೆಸ್ಟೇ ಇರಲಿಲ್ಲ. ದೇಹವೇ ಮಾಡುವ ಹಾರ್ಮೋನನ್ನೂ ಹೊರಗಿನದ್ದನ್ನೂ ಬೇರ್ಪಡಿಸಿ ತೋರಿಸುವ ಮೂತ್ರಪರೀಕ್ಷೆ ಬಳಕೆಗೆ ಬಂದದ್ದು 2000ದ ನಂತರ. ಅದಕ್ಕೇ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಂದು ಗೆರೆ ಎಳೆಯಿತು: ಹಿಮಟೋಕ್ರಿಟ್ 50 ದಾಟಿದ್ರೆ 15 ದಿನ ರೇಸ್ ಇಲ್ಲ. ಇದು ಶಿಕ್ಷೆ ಅಲ್ಲ, ಆರೋಗ್ಯ ತಪಾಸಣೆ ಅಂತ ಹೇಳಿದ್ರು. ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲೇ. 43 ಇದ್ದವನು ಔಷಧ ತಗೊಂಡು 49.5ಕ್ಕೆ ಏರಿಸಿದ್ರೆ ಪಾಸ್. ಹುಟ್ಟಿನಿಂದಲೇ 51 ಇದ್ದವನು ಏನೂ ತಗೊಳ್ಳದೆ ಫೇಲ್. ಟೀಮುಗಳು ಸ್ವಂತ ಸೆಂಟ್ರಿಫ್ಯೂಜ್ ಇಟ್ಟುಕೊಂಡು, ಸಂಖ್ಯೆ ಏರಿದ್ರೆ ಸಲೈನ್ ಹಾಕಿಸಿ ಇಳಿಸೋದು ಕಲಿತವು.

ನಡುವೆ ಪಂತಾನಿಗೆ ದೊಡ್ಡ ಪೆಟ್ಟೊಂದು ಬಿದ್ದಿತ್ತು. 1995ರ ಅಕ್ಟೋಬರ್, ಮಿಲಾನೊ-ಟೊರಿನೊ ರೇಸ್. ಇಳಿಜಾರಿನಲ್ಲಿ ಬರ್ತಿದ್ದವನಿಗೆ ಎದುರಿನಿಂದ ಒಂದು ಗಾಡಿ ಬಂದು ಡಿಕ್ಕಿಯಾಗಿ ಎಡಗಾಲಿನ ಎರಡೂ ಎಲುಬು ಮುರಿದವು. ಮುಂದಿನ ವರ್ಷ ಪೂರ್ತಿ ಹೆಚ್ಚುಕಡಿಮೆ ಹೋಯ್ತು. ಆಸ್ಪತ್ರೆಯಲ್ಲಿ ಆ ದಿನ ತೆಗೆದ ರಕ್ತದಲ್ಲಿ ಹಿಮಟೋಕ್ರಿಟ್ 60 ದಾಟಿತ್ತು ಅನ್ನೋ ಕಾಗದ ಹೊರಗೆ ಬಂದದ್ದು ಎಷ್ಟೋ ವರ್ಷದ ನಂತರ. ಅದರ ಮೇಲೆ 2000ದಲ್ಲಿ ಕೋರ್ಟು ಅವನಿಗೆ ಅಮಾನತಿನಲ್ಲಿಟ್ಟ ಮೂರು ತಿಂಗಳ ಶಿಕ್ಷೆ ಕೊಟ್ಟಿತು. 1995ರಲ್ಲಿ ಅದು ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ ಅಂತ ಅಪೀಲಿನಲ್ಲಿ ಬಿಟ್ಟುಬಿಟ್ರು.

ಮುರಿದ ಕಾಲಿನವನು ವಾಪಸ್ ಬಂದು 1998ರಲ್ಲಿ ಜಿರೋ, ಟೂರ್ ಎರಡೂ ಗೆದ್ದ. ಆ ವರ್ಷದ ಟೂರ್‌ನಲ್ಲೇ ಫೆಸ್ಟಿನಾ ಟೀಮಿನ ಕಾರಲ್ಲಿ ಡಬ್ಬಗಟ್ಟಲೆ ಔಷಧ ಸಿಕ್ಕಿ, ಪೊಲೀಸರು ಹೋಟೆಲುಗಳಿಗೆ ನುಗ್ಗಿ, ರೇಸೇ ನಿಂತುಹೋಗುವ ಸ್ಥಿತಿ. ಜುಲೈ 27ರಂದು ಮಳೆಚಳಿಯಲ್ಲಿ ಪಂತಾನಿ ಒಬ್ಬನೇ ಮುಂದೆ ಹೋಗಿ ಯಾನ್ ಉಲ್ರಿಚ್‌ಗಿಂತ ಸುಮಾರು ಒಂಬತ್ತು ನಿಮಿಷ ಮೊದಲು ತಲುಪಿದ. ಅಂತೂ ಟೂರ್ ಉಳಿಸಿದವನು ಇವನೇ ಅಂತ ಜನ ನಂಬಿದ್ರು.

1999ರ ಜೂನ್ 5. ಜಿರೋ ಮುಗಿಯೋಕೆ ಎರಡೇ ದಿನ, ಪಂತಾನಿ ಐದು ನಿಮಿಷಕ್ಕೂ ಹೆಚ್ಚು ಮುಂದೆ. ಮಡೋನಾ ಡಿ ಕಂಪಿಲ್ಯೊ ಅನ್ನೋ ಬೆಟ್ಟದ ಊರಲ್ಲಿ ಬೆಳಿಗ್ಗೆ ರಕ್ತ ತೆಗೆದ್ರು. 52. ಅಷ್ಟೇ, ರೇಸಿನಿಂದ ಹೊರಗೆ. ಪೊಲೀಸರ ನಡುವೆ ಹೋಟೆಲಿನಿಂದ ಹೊರಬಂದ ಅವನ ಮುಖ ಇಡೀ ಇಟಲಿ ಟಿವಿಯಲ್ಲಿ ನೋಡ್ತು.

ನಾನು ಮೊದಲು ಇದನ್ನು ಓದಿದಾಗ ಅವನ ಪರ ಇದ್ದೆ. ಎರಡು ಪರ್ಸೆಂಟ್‌ಗೆ ಇಷ್ಟಾ? ನೀರು ಕಡಿಮೆ ಕುಡಿದ್ರೂ ರಕ್ತ ಗಟ್ಟಿಯಾಗ್ತದೆ, ಮೆಷಿನ್ನಿನ ಎರರ್ ಇರಬಹುದು. ಆಮೇಲೆ ಗೊತ್ತಾಯ್ತು, ಮೂರು ವಾರ ಹೀಗೆ ತುಳಿದವರ ದೇಹದಲ್ಲಿ ಪ್ಲಾಸ್ಮಾ ಹೆಚ್ಚಾಗಿ ಹಿಮಟೋಕ್ರಿಟ್ ಸಾಮಾನ್ಯವಾಗಿ ಇಳೀತದೆ. ಕೊನೇ ವಾರದಲ್ಲಿ 52 ಅನ್ನೋದು ಸಂಶಯ ಹುಟ್ಟಿಸುವ ಸಂಖ್ಯೆಯೇ. ಆದರೂ ಅದು ಸಂಶಯ ಮಾತ್ರ. ಆ ಟೆಸ್ಟ್ ಅವನನ್ನು ಅಪರಾಧಿ ಅಂತಲೂ ಹೇಳಲಿಲ್ಲ, ನಿರಪರಾಧಿ ಅಂತಲೂ ಹೇಳಲಿಲ್ಲ. ಎರಡು ವಾರ ಕಳೆದು ವಾಪಸ್ ಬರಬಹುದಿತ್ತು. ಅವನು ಮನೆ ಬಾಗಿಲು ಹಾಕಿಕೊಂಡ. ತನ್ನ ವಿರುದ್ಧ ಸಂಚು ನಡೀತು ಅಂತ ಕೊನೆವರೆಗೂ ನಂಬಿದ್ದ. ಆ ವರ್ಷವೇ ಕೊಕೇನ್ ಶುರುವಾಯ್ತು ಅಂತಾರೆ.

2000ದ ಟೂರ್‌ನಲ್ಲಿ ಎರಡು ಸ್ಟೇಜ್ ಗೆದ್ದ. ಮೊದಲನೆಯದು ವೆಂಟೂ ಬೆಟ್ಟದ ಮೇಲೆ, ಅಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಬೇಕಂತಲೇ ಬಿಟ್ಟುಕೊಟ್ಟ. ದಾನದ ಗೆಲುವು ಪಂತಾನಿಗೆ ಅವಮಾನ ಅನ್ನಿಸ್ತು, ಮೂರು ದಿನ ಬಿಟ್ಟು ಕೂರ್ಶೆವೆಲ್‌ನಲ್ಲಿ ಒಬ್ಬನೇ ಹೋಗಿ ಗೆದ್ದ. ಅದೇ ಕೊನೆ. (ಬಿಟ್ಟುಕೊಟ್ಟ ಆ ಮಹಾಶಯನ ಏಳು ಟೂರ್ ಪ್ರಶಸ್ತಿಗಳೂ 2012ರಲ್ಲಿ ಡೋಪಿಂಗ್‌ಗಾಗಿ ಹೋದವು.) 2001ರ ಜಿರೋ ಹೊತ್ತಿಗೆ ಅವನಿದ್ದ ಹೋಟೆಲ್ ರೂಮಲ್ಲಿ ಇನ್ಸುಲಿನ್ ಅಂಶ ಇದ್ದ ಸಿರಿಂಜ್ ಸಿಕ್ಕಿತು ಅಂತ ಮತ್ತೆ ನಿಷೇಧ. 2004ರ ಫೆಬ್ರವರಿ 14ರಂದು ರಿಮಿನಿಯ ಒಂದು ಹೋಟೆಲಿನಲ್ಲಿ, ಬೀಚ್ ಸೀಸನ್ ಅಲ್ಲದ ಚಳಿಗಾಲದಲ್ಲಿ, ಅತಿಯಾದ ಕೊಕೇನ್‌ನಿಂದ ಸತ್ತುಬಿದ್ದಿದ್ದ. ವಯಸ್ಸು 34. ಅಮ್ಮ ಟೋನಿನಾ ಅದನ್ನು ಒಪ್ಪಲಿಲ್ಲ. ಅವರ ಹೋರಾಟದಿಂದ ತನಿಖೆ ಮತ್ತೆ ಮತ್ತೆ ತೆರೆದುಕೊಂಡಿತು. ಆ 52ರ ಹಿಂದೆ ಬೆಟ್ಟಿಂಗ್ ಮಾಫಿಯಾ ಇತ್ತು ಅನ್ನೋ ಆರೋಪವನ್ನೂ ಕೆದಕಿದ್ರು, ಕೋರ್ಟಿನಲ್ಲಿ ಅದು ಸಾಬೀತಾಗಿಲ್ಲ.

ಒಂದು ಮಾತ್ರ ಸಾಬೀತಾಯ್ತು. 1998ರ ಟೂರ್‌ನ ಮೂತ್ರದ ಸ್ಯಾಂಪಲ್‌ಗಳನ್ನು ಫ್ರೀಜರಿನಲ್ಲಿ ಇಟ್ಟಿದ್ರು, 2004ರಲ್ಲಿ ಸಂಶೋಧನೆಗಾಗಿ ಹೊಸ ವಿಧಾನದಲ್ಲಿ ಪರೀಕ್ಷೆ ಮಾಡಿದ್ರು. 2013ರಲ್ಲಿ ಫ್ರೆಂಚ್ ಸೆನೆಟ್ ಹೆಸರುಗಳನ್ನು ಹೊರಗೆ ಹಾಕಿತು. ಪಂತಾನಿ: ಇಪಿಒ. ಎರಡನೇ ಸ್ಥಾನದ ಉಲ್ರಿಚ್: ಇಪಿಒ. ಆ ಟೂರ್ ಇವತ್ತಿಗೂ ಪಂತಾನಿಯ ಹೆಸರಲ್ಲೇ ಇದೆ. ಕಸಿದು ಯಾರಿಗೆ ಕೊಡೋದು?

2024ರ ಟೂರ್‌ನ ಎರಡನೇ ದಿನ ಚೆಸೆನಾಟಿಕೊದಿಂದಲೇ ಹೊರಟಿತು, ಅವನ ನೆನಪಿಗೆ. ಪಂತಾನಿಯ ನಂತರ 26 ವರ್ಷ ಯಾರಿಗೂ ಆಗದಿದ್ದ ಜಿರೋ-ಟೂರ್ ಜೋಡಿ ಗೆಲುವನ್ನು ಆ ವರ್ಷ ತಡೇ ಪೊಗಾಚಾರ್ ಸಾಧಿಸಿದ. ಪ್ಲಾಟೋ ದ ಬೇಯ್ ಘಟ್ಟದಲ್ಲಿ ಪಂತಾನಿಯ 1998ರ ಟೈಮಿಂಗನ್ನು ಮೂರು ನಿಮಿಷಕ್ಕೂ ಹೆಚ್ಚು ಕಡಿಮೆ ಮಾಡಿದ. ಈಗ ಒಂದೇ ಗೆರೆ ಇಲ್ಲ, ಪ್ರತಿಯೊಬ್ಬರ ರಕ್ತದ ಲೆಕ್ಕ ವರ್ಷವಿಡೀ ಬಯಲಾಜಿಕಲ್ ಪಾಸ್‌ಪೋರ್ಟ್‌ನಲ್ಲಿ ದಾಖಲಾಗ್ತದೆ, ಅವನವನ ಹಳೇ ಸಂಖ್ಯೆಗಳ ಜೊತೆಗೇ ಹೋಲಿಸ್ತಾರೆ. ಪೊಗಾಚಾರ್ ಯಾವ ಟೆಸ್ಟಲ್ಲೂ ಸಿಕ್ಕಿಬಿದ್ದಿಲ್ಲ. ಸೈಕಲ್ ಹಗುರ, ಊಟದ ಲೆಕ್ಕ ಪಕ್ಕಾ, ರಸ್ತೆ ನಯ, ಎಲ್ಲ ಕಾರಣ ನನಗೂ ಗೊತ್ತು. ಆದ್ರೂ ಆ ಸಂಜೆ ಫೋನಲ್ಲಿ ಟೈಮಿಂಗ್ ಬಂದಾಗ ಚಪ್ಪಾಳೆ ಹೊಡೆಯೋ ಮೊದಲು ನಾನು ಮಾಡಿದ್ದು, ಕ್ಯಾಲ್ಕುಲೇಟರ್ ತೆಗೆದು ಎಂಜಿಎಚ್ ಬೈ ಟಿ ಹಾಕಿದ್ದು.