ರಾಮನಗರದ ಬಂಡೆಗಳಿಗೆ ದನಿ ಕೊಟ್ಟ ಪಂಚಮ್

ನಮ್ಮ ಹಾರೋಹಳ್ಳಿಯವರಿಗೆ ರಾಮನಗರದ ಬಂಡೆಗಳು ಹೊಸದಲ್ಲ. ಕೆಲಸಕ್ಕೋ ಮದುವೆಗೋ ಆ ಕಡೆ ಹೋದಾಗಲೆಲ್ಲ ರಾಮದೇವರ ಬೆಟ್ಟ ಕಣ್ಣಿಗೆ ಬೀಳುತ್ತದೆ. ಹೊರಗಿನಿಂದ ನೆಂಟರು ಬಂದರೆ ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು ಎಂದು ಕೇಳುತ್ತಾರೆ, ನಾವೂ ಹೆಮ್ಮೆಯಿಂದ ಕೈ ತೋರಿಸುತ್ತೇವೆ. 1973ರ ಅಕ್ಟೋಬರ್‌ನಲ್ಲಿ ಇಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ತೆರೆ ಕಂಡ 'ಶೋಲೆ' ನಮ್ಮ ಸೀಮೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. ನಟರ ಹೆಸರು, ನಿರ್ದೇಶಕ ರಮೇಶ್ ಸಿಪ್ಪಿಯವರ ಹೆಸರು, ಕಥೆ ಬರೆದ ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಬಂಡೆಗಳ ನಡುವೆ ನಮಗೆ ಭಯ, ದುಃಖ, ಒಂಟಿತನಗಳನ್ನು ಕೇಳಿಸಿದವರು ಯಾರು ಎಂದು ಕೇಳುವವರು ಕಡಿಮೆ. ಅವರೇ ಸಂಗೀತ ನಿರ್ದೇಶಕ ರಾಹುಲ್ ದೇವ್ ಬರ್ಮನ್.

ಸಿನಿಮಾ ಮತ್ತು ಸಂಗೀತದ ವಿಚಾರದಲ್ಲಿ ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆ ಈ ಲೇಖನದ ಉದ್ದೇಶವಲ್ಲ. ಒಬ್ಬ ಮನುಷ್ಯ ಕೆಲಸವನ್ನು ಹೇಗೆ ಕಲಿತ, ಹೇಗೆ ದುಡಿದ, ಸೋತಾಗ ಹೇಗೆ ನಿಂತ ಎಂಬುದನ್ನು ವಿದ್ಯಾರ್ಥಿಗಳ ಮುಂದಿಡುವುದಷ್ಟೇ ನನ್ನ ಆಸೆ.

ರಾಹುಲ್ ದೇವ್ ಬರ್ಮನ್ 1939ರ ಜೂನ್ 27ರಂದು ಕಲ್ಕತ್ತಾದಲ್ಲಿ ಹುಟ್ಟಿದರು. ತಂದೆ ಹೆಸರಾಂತ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್, ತಾಯಿ ಮೀರಾ. ಮಗುವಿನ ಅಳುವಿನಲ್ಲಿ ಐದನೆಯ ಸ್ವರ ಕೇಳಿಸಿತೆಂದು ನಟ ಅಶೋಕ್ ಕುಮಾರ್ ಪಂಚಮ್ ಎಂದು ಕರೆದರೆಂಬ ಮಾತಿದೆ. ಆ ಹೆಸರೇ ಉಳಿಯಿತು.

ದೊಡ್ಡವರ ಮಗನಾದರೂ ಕಲಿಕೆಯಲ್ಲಿ ರಿಯಾಯಿತಿ ಇರಲಿಲ್ಲ. ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಬಳಿ ಸರೋದ್ ಕಲಿತರು. ಪಂಡಿತ್ ಸಾಮ್ತಾ ಪ್ರಸಾದ್ ಅವರ ಬಳಿ ತಬಲಾ ಕಲಿತರು. ಸಲೀಲ್ ಚೌಧರಿಯವರನ್ನೂ ಗುರುವೆಂದೇ ಭಾವಿಸಿದ್ದರು. ತಂದೆಯ ವಾದ್ಯವೃಂದದಲ್ಲಿ ಸಾಮಾನ್ಯ ವಾದಕನಾಗಿ ಕುಳಿತರು. 1958ರ 'ಸೋಲ್ವಾ ಸಾಲ್' ಚಿತ್ರದ ಪ್ರಸಿದ್ಧ ಹಾಡಿನಲ್ಲಿ ಕೇಳುವ ಮೌತ್ ಆರ್ಗನ್ ಅವರೇ ನುಡಿಸಿದ್ದು. ತಂದೆಯ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು.

ಸ್ವತಂತ್ರ ಅವಕಾಶ ಕೊಟ್ಟವರು ಹಾಸ್ಯನಟ ಮೆಹಮೂದ್. ಅವರ 'ಛೋಟೇ ನವಾಬ್' (1961) ಪಂಚಮ್ ಅವರ ಮೊದಲ ಚಿತ್ರ. ದೊಡ್ಡ ಹೆಸರು ಬಂದಿದ್ದು 1966ರ 'ತೀಸ್ರಿ ಮಂಜಿಲ್' ಚಿತ್ರದಿಂದ. ನಿರ್ಮಾಪಕ ನಾಸಿರ್ ಹುಸೇನ್, ಹಾಡು ಬರೆದವರು ಮಜ್ರೂಹ್ ಸುಲ್ತಾನ್‌ಪುರಿ, ಹಾಡಿದವರು ಮಹಮ್ಮದ್ ರಫಿ ಮತ್ತು ಆಶಾ ಭೋಸ್ಲೆ. ಪಿಟೀಲು, ಗಿಟಾರ್, ಡ್ರಮ್ಸ್, ತುತ್ತೂರಿಗಳ ಆ ಅಬ್ಬರ ಹಿಂದಿ ಚಿತ್ರಕ್ಕೆ ಹೊಸದಾಗಿತ್ತು.

ಪಂಚಮ್ ಒಬ್ಬರೇ ಎಲ್ಲ ಮಾಡುತ್ತಿದ್ದರೆಂದು ತಿಳಿಯಬಾರದು. ಮನೋಹಾರಿ ಸಿಂಗ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಬಸು ಚಕ್ರವರ್ತಿ ಚೆಲ್ಲೊ, ಮಾರುತಿ ರಾವ್ ಕೀರ್ ತಾಳವಾದ್ಯ. ಈ ಮೂವರು ಅವರ ಬಲಗೈಗಳು. ಪಾರ್ಸಿ ಸಮುದಾಯದ ಕೆರ್ಸಿ ಲಾರ್ಡ್ ಇದ್ದರು, ಬಂಗಾಳದ ಭಾನು ಗುಪ್ತ ಇದ್ದರು. ಬೇರೆ ಬೇರೆ ಧರ್ಮ, ಭಾಷೆಗಳ ಜನ ಒಂದೇ ಸ್ವರಕ್ಕೆ ಕಿವಿಗೊಟ್ಟು ದುಡಿದ ಜಾಗ ಅದು.

ಹಿನ್ನೆಲೆ ಸಂಗೀತದ ಕೆಲಸ ಹಾಡಿನ ಕೆಲಸಕ್ಕಿಂತ ಬೇರೆ. ಹಾಡು ಚಿತ್ರೀಕರಣಕ್ಕೆ ಮೊದಲೇ ಸಿದ್ಧವಾಗುತ್ತದೆ, ನಟರು ಅದಕ್ಕೆ ತಕ್ಕಂತೆ ತುಟಿ ಆಡಿಸುತ್ತಾರೆ. ಹಿನ್ನೆಲೆ ಸಂಗೀತವಾದರೋ ಚಿತ್ರ ಮುಗಿದ ಮೇಲೆ, ದೃಶ್ಯದ ಅಳತೆಗೆ ತಕ್ಕಂತೆ ಹೊಲಿಯುವ ಬಟ್ಟೆ. ಪರದೆಯ ಮೇಲೆ ದೃಶ್ಯ ಓಡುತ್ತಿರುತ್ತದೆ, ವಾದಕರು ಒಂದೇ ಹಾಲ್‌ನಲ್ಲಿ ಕೂತು ಸೆಕೆಂಡಿನ ಲೆಕ್ಕದಲ್ಲಿ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಇಷ್ಟೆಲ್ಲ ಮಾಡಿದ ಮೇಲೂ ಪ್ರೇಕ್ಷಕನಿಗೆ ಅದು ಬೇರೆಯಾಗಿ ಕೇಳಿಸದಿದ್ದರೇ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

'ಶೋಲೆ'ಯನ್ನು ಇನ್ನೊಮ್ಮೆ ನೋಡುವಾಗ ಕಿವಿಯಿಂದ ನೋಡಿ. ಆರಂಭದಲ್ಲಿ ಇಬ್ಬರು ಕುದುರೆ ಸವಾರರು ನಮ್ಮ ಬಂಡೆಗಳ ನಡುವೆ ಹಾದು ಹೋಗುತ್ತಾರೆ. ಗಿಟಾರ್, ಹಾರ್ನ್, ಶಿಳ್ಳೆಯ ದನಿಗಳು ಸೇರಿ ಬಯಲನ್ನು ವಿಸ್ತಾರ ಮಾಡುತ್ತವೆ. ಡಕಾಯಿತರು ಬಸಂತಿಯ ಟಾಂಗಾವನ್ನು ಅಟ್ಟಿಸಿಕೊಂಡು ಬರುವಾಗ ತಬಲಾ ಕೇಳುತ್ತದೆ. ಅದನ್ನು ನುಡಿಸಿದವರು ಪಂಚಮ್ ಅವರ ಗುರು ಸಾಮ್ತಾ ಪ್ರಸಾದರೇ. ಶಿಷ್ಯ ಗುರುವಿಗೆ ತನ್ನ ಚಿತ್ರದಲ್ಲಿ ಜಾಗ ಕೊಟ್ಟ, ಗುರು ಸಂಕೋಚವಿಲ್ಲದೆ ಶಿಷ್ಯನ ಕೆಲಸಕ್ಕೆ ಬಂದು ನುಡಿಸಿದರು. ಇದರಲ್ಲಿ ಇಬ್ಬರ ದೊಡ್ಡತನವೂ ಇದೆ.

ರಾತ್ರಿ ಜೈ ಮೌತ್ ಆರ್ಗನ್ ನುಡಿಸುತ್ತಾ ಕೂತಿರುತ್ತಾನೆ, ವಿಧವೆ ರಾಧಾ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ. ಮಾತೇ ಇಲ್ಲ. ಭಾನು ಗುಪ್ತ ನುಡಿಸಿದ ಆ ಸಣ್ಣ ರಾಗವೇ ಇಬ್ಬರ ಮನಸ್ಸನ್ನು ಹೇಳುತ್ತದೆ. ಇಟಲಿಯ ಎನ್ನಿಯೊ ಮೊರಿಕೋನೆ 1968ರಲ್ಲಿ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಚಿತ್ರಕ್ಕೆ ಇದೇ ವಾದ್ಯವನ್ನು ಬಳಸಿದ್ದರು. ಅಲ್ಲಿ ಅದು ಹಳೆಯ ಸೇಡನ್ನು ನೆನಪಿಸುವ ಕರ್ಕಶ ದನಿ. 'ಶೋಲೆ'ಯೂ ಸೇಡಿನ ಕಥೆಯೇ. ಆದರೂ ಪಂಚಮ್ ಆ ವಾದ್ಯವನ್ನು ಹೇಳಲಾಗದ ಪ್ರೀತಿಗೆ ಕೊಟ್ಟರು. ಶೈಲಿಯಲ್ಲಿ ಪ್ರಭಾವ ಇದ್ದರೂ ಅರ್ಥ ಅವರದೇ. ಹಾಗೆಂದು ಎಲ್ಲವೂ ಸ್ವಂತ ಎನ್ನಲಾಗದು. ಬಾಟಲಿಗಳ ಬಾಯಿಗೆ ಊದಿ ತಾಳ ಹುಟ್ಟಿಸಿ, ತಾವೇ ಹಾಡಿದ 'ಮೆಹಬೂಬಾ' ಹಾಡಿನ ಧಾಟಿ ಗಾಯಕ ಡೆಮಿಸ್ ರೂಸೋಸ್ ಅವರ ಹಾಡಿನಿಂದ ಬಂದಿದ್ದು. ಮೆಚ್ಚುವಾಗಲೂ ನಿಜ ಹೇಳಬೇಕು.

ಎಲ್ಲಿ ನುಡಿಸಬಾರದು ಎಂಬುದೂ ಅವರಿಗೆ ತಿಳಿದಿತ್ತು. ಠಾಕೂರರ ಮನೆಯವರ ಹತ್ಯೆಯ ದೃಶ್ಯದಲ್ಲಿ ತೂಗುಯ್ಯಾಲೆಯ ಕಿರುಗುಟ್ಟುವ ಸದ್ದೇ ಎದೆ ನಡುಗಿಸುತ್ತದೆ. ಕಣ್ಣಿಲ್ಲದ ಇಮಾಮ್ ಸಾಹೇಬರು ಮಗನನ್ನು ಕಳೆದುಕೊಂಡ ಹೊತ್ತಿನಲ್ಲಿ ಅಜಾನ್ ಕೇಳಿಬರುತ್ತದೆ. ಎದೆ ಒಡೆದ ತಂದೆ ನಮಾಜಿಗೆ ಹೊರಡುತ್ತಾರೆ. ಆ ಕರೆಗೆ ವಾದ್ಯಗಳು ದಾರಿ ಬಿಟ್ಟು ಹಿಂದೆ ಸರಿದಿವೆ. ಮೌನಕ್ಕೂ ಗೌರವ ಕೊಡಬಲ್ಲವನೇ ನಿಜವಾದ ಸಂಗೀತಗಾರ.

ಇದೇ ಸಂಗೀತವನ್ನು ಬೇರೆ ಬೇರೆ ರೂಪದಲ್ಲಿ ಕೇಳಿ ಹೋಲಿಸಿದರೆ ಇನ್ನಷ್ಟು ತಿಳಿಯುತ್ತದೆ. ದೊಡ್ಡ ನಗರಗಳ 70 ಎಂಎಂ ಟಾಕೀಸುಗಳಲ್ಲಿ ಸ್ಟೀರಿಯೋ ಧ್ವನಿ ಇತ್ತು. ಸಣ್ಣ ಊರುಗಳ ಟಾಕೀಸುಗಳಲ್ಲಿ ಎಲ್ಲವೂ ಒಂದೇ ಸ್ಪೀಕರಿನಿಂದ ಬರುತ್ತಿತ್ತು. ಪಾಲಿಡಾರ್ ಕಂಪನಿ ಹೊರತಂದ ಹಾಡುಗಳ ರೆಕಾರ್ಡಿನಲ್ಲಿ ಆರಂಭದ ಸಂಗೀತವೂ ಸೇರಿತ್ತು. ಕುದುರೆ, ಬಂಡೆಗಳಿಲ್ಲದೆ ಕೇಳಿದರೂ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಆಮೇಲೆ ಬಂದದ್ದು ಸಂಭಾಷಣೆಗಳ ರೆಕಾರ್ಡು. ಮೈಕ್‌ಸೆಟ್‌ಗಳಲ್ಲಿ ಜನ ಅದನ್ನು ಹಾಡಿನಂತೆ ಹಾಕಿ ಕೇಳಿದರು. ಗಬ್ಬರನ ಮಾತು ಬಾಯಿಪಾಠವಾದಾಗ ಅದರ ಕೆಳಗೆ ಹರಿಯುವ ಸಂಗೀತವೂ ಗೊತ್ತಿಲ್ಲದೆ ಬಾಯಿಪಾಠವಾಯಿತು. ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್, ಆನಂದ್ ಬಕ್ಷಿ ಸೇರಿ ಹಾಡಿದ ಒಂದು ಕವ್ವಾಲಿ ಮಾತ್ರ ಚಿತ್ರದಲ್ಲಿ ಸಿಗುವುದಿಲ್ಲ. ಅದನ್ನು ಚಿತ್ರೀಕರಿಸಲೇ ಇಲ್ಲ, ಧ್ವನಿಮುದ್ರಣದಲ್ಲಷ್ಟೇ ಉಳಿದಿದೆ.

2014ರ ಜನವರಿಯಲ್ಲಿ ಬಂದ 3ಡಿ ರೂಪಕ್ಕಾಗಿ ರಾಜು ಸಿಂಗ್ ಹಿನ್ನೆಲೆ ಸಂಗೀತವನ್ನು ಮರುರೂಪಿಸಿದರು. ಹೊಸ ಧ್ವನಿ ಸ್ವಚ್ಛವಾಗಿದೆ, ದೊಡ್ಡದಾಗಿದೆ. ಆದರೆ ಒಂದೇ ಹಾಲ್‌ನಲ್ಲಿ ಕೂತ ವಾದಕರು ಒಂದೇ ಉಸಿರಿನಲ್ಲಿ ನುಡಿಸಿದ ಬಿಸಿ ನನಗೆ ಹಳೆಯದರಲ್ಲೇ ಹೆಚ್ಚು ಕೇಳುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಕೇಳಿ ತಾವೇ ತೀರ್ಮಾನಿಸಲಿ.

ಇಷ್ಟಾದರೂ ಆ ವರ್ಷದ ಫಿಲಂಫೇರ್ ಸಂಗೀತ ಪ್ರಶಸ್ತಿ 'ಜೂಲಿ' ಚಿತ್ರಕ್ಕೆ ಹೋಯಿತು. 'ಶೋಲೆ'ಗೆ ಸಿಕ್ಕಿದ್ದು ಸಂಕಲನದ ಪ್ರಶಸ್ತಿ ಮಾತ್ರ. ಚಿತ್ರ ಬಿಡುಗಡೆಯಾದ ಎರಡೂವರೆ ತಿಂಗಳಿಗೆ, 1975ರ ಅಕ್ಟೋಬರ್ 31ರಂದು ತಂದೆ ಸಚಿನ್ ದೇವ್ ಬರ್ಮನ್ ತೀರಿಕೊಂಡರು. ಮೊದಲ ಫಿಲಂಫೇರ್ ಪ್ರಶಸ್ತಿಗೆ ಪಂಚಮ್ 'ಸನಮ್ ತೇರಿ ಕಸಮ್' (1982) ತನಕ ಕಾಯಬೇಕಾಯಿತು. ಮುಂದಿನ ವರ್ಷದ 'ಮಾಸೂಮ್' ಇನ್ನೊಂದನ್ನು ತಂದಿತು.

ಆಮೇಲೆ ಕಾಲ ತಿರುಗಿತು. ಚಿತ್ರಗಳು ಸಾಲಾಗಿ ಸೋತವು. ಡಿಸ್ಕೊ ಸಂಗೀತದ ಗಾಳಿ ಬೀಸಿತು. 'ತೀಸ್ರಿ ಮಂಜಿಲ್' ಕೊಟ್ಟ ನಾಸಿರ್ ಹುಸೇನ್ ಅವರ ಸಂಸ್ಥೆಯ 1988ರ 'ಕಯಾಮತ್ ಸೇ ಕಯಾಮತ್ ತಕ್' ಕೂಡ ಹೊಸಬರಾದ ಆನಂದ್-ಮಿಲಿಂದ್ ಪಾಲಾಯಿತು. ಅದೇ ವರ್ಷ ಪಂಚಮ್ ಅವರಿಗೆ ಹೃದಯಾಘಾತವಾಯಿತು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ನಿನ್ನೆ ಬಾಗಿಲಲ್ಲಿ ಸಾಲು ನಿಂತಿದ್ದವರು ಇಂದು ಕಾಣದಾದಾಗ ಮನಸ್ಸಿಗೆ ಎಷ್ಟು ನೋವಾಗುತ್ತದೆಂದು ಅನುಭವಿಸಿದವರೇ ಬಲ್ಲರು.

ಕೈಬಿಡದೆ ನಿಂತವರಲ್ಲಿ ನಿರ್ದೇಶಕ ವಿಧು ವಿನೋದ್ ಚೋಪ್ರಾ ಒಬ್ಬರು. ಅವರ 1989ರ 'ಪರಿಂದಾ' ಚಿತ್ರಕ್ಕೆ ಪಂಚಮ್ ದುಡಿದಿದ್ದರು. ಕೊನೆಗೆ '1942: ಎ ಲವ್ ಸ್ಟೋರಿ' ಬಂತು. ಹಾಡು ಬರೆದವರು 'ಶೋಲೆ'ಯ ಜಾವೇದ್ ಅಖ್ತರ್. ಆದರೆ ಆ ಚಿತ್ರ ತೆರೆ ಕಾಣುವ ಮೊದಲೇ, 1994ರ ಜನವರಿ 4ರಂದು, 54ರ ವಯಸ್ಸಿನಲ್ಲಿ ಪಂಚಮ್ ತೀರಿಕೊಂಡರು. ಹಾಡುಗಳು ಮನೆಮನೆಯಲ್ಲಿ ಕೇಳಿದವು. 1995ರಲ್ಲಿ ಮೂರನೆಯ ಫಿಲಂಫೇರ್ ಪ್ರಶಸ್ತಿ ಬಂದಾಗ ಅದನ್ನು ನೋಡಲು ಅವರಿರಲಿಲ್ಲ. ಹೊಸ ಸಂಗೀತಗಾರರಿಗಾಗಿ ಅವರ ಹೆಸರಿನಲ್ಲೇ ಸ್ಥಾಪಿಸಿದ ಪ್ರಶಸ್ತಿಯ ಮೊದಲ ಗೌರವ ಎ.ಆರ್. ರೆಹಮಾನ್ ಅವರದಾಯಿತು.

2025ರಲ್ಲಿ, ಹಾಳಾಗಿದ್ದ ಪ್ರತಿಗಳನ್ನು ಸರಿಪಡಿಸಿ ಸಿದ್ಧಗೊಳಿಸಿದ 'ಶೋಲೆ'ಯನ್ನು ಇಟಲಿಯ ಬೊಲೊನ್ಯಾ ನಗರದಲ್ಲಿ ತೋರಿಸಿದರು. ಆ ದಿನ ಜೂನ್ 27, ಪಂಚಮ್ ಹುಟ್ಟಿದ ದಿನ. ಮೊರಿಕೋನೆಯ ನಾಡಿನ ಜನ ನಮ್ಮ ರಾಮನಗರದ ಬಂಡೆಗಳನ್ನು ನೋಡುತ್ತಾ ಪಂಚಮ್ ಸಂಗೀತ ಕೇಳಿದರು.

ಪ್ರೀತಿಯ ವಿದ್ಯಾರ್ಥಿಗಳೇ, ಪರೀಕ್ಷೆಯ ಅಂಕ, ಸಭೆಯ ಹಾರ, ಪ್ರಶಸ್ತಿಯ ಫಲಕ ಸಿಕ್ಕರೆ ಸಂತೋಷವೇ. ಸಿಗದಿದ್ದರೆ ಕೆಲಸ ವ್ಯರ್ಥವಾಯಿತೆಂದು ತಿಳಿಯಬೇಡಿ. 'ಶೋಲೆ'ಯ ಸಂಗೀತಕ್ಕೆ ಆ ವರ್ಷ ಪ್ರಶಸ್ತಿ ಸಿಗಲಿಲ್ಲ, ಐವತ್ತು ವರ್ಷವಾದರೂ ಅದು ಕೇಳುತ್ತಲೇ ಇದೆ. ಮುಂದಿನ ಸಲ ನೆಂಟರು ಗಬ್ಬರನ ಬಂಡೆ ಕೇಳಿದಾಗ ತೋರಿಸಿ. ಜೊತೆಗೆ ಆ ಬಂಡೆಗೆ ದನಿ ಕೊಟ್ಟವನ ಹೆಸರನ್ನೂ, ಅವನೊಡನೆ ಕೂತು ನುಡಿಸಿದವರ ಹೆಸರುಗಳನ್ನೂ ಹೇಳಿ.