ತಂದೆಯ ಗುಂಡಿನ ಸದ್ದು, ಮಗನ ಮೌನ

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಆರು ವರ್ಷಗಳಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಆಸನಗಳ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದ. ಅದಕ್ಕೆ ಅವನು ಜೋಡಿಸಿದ್ದು ಹಳೆಯ ಮಜ್ದಾ ಕಾರಿನಿಂದ ಕಳಚಿದ ರೋಟರಿ ಎಂಜಿನ್. ಕಳೆದ ಬಾರಿ ನಾನು ಅಲ್ಲಿಗೆ ಹೋಗಿದ್ದಾಗ, ಊರಾಚೆಯ ಹುಲ್ಲು ಬೆಳೆದ ರನ್‌ವೇಗೆ ಅದನ್ನು ಸಾಗಿಸಿ, ಮೊದಲ ಸಲ ಪೂರ್ಣ ವೇಗದಲ್ಲಿ ಎಂಜಿನ್ ಓಡಿಸಿ ತೋರಿಸಿದ. ನಲವತ್ತು ವರ್ಷ ಯಂತ್ರಗಳ ನಡುವೆಯೇ ದುಡಿದು ನಿವೃತ್ತನಾದ ನಾನೂ ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡೆ. ಗರಗಸದಿಂದ ತಗಡು ಕೊಯ್ದಂತಹ ಸದ್ದು ಅದು. ರನ್‌ವೇಯ ಆಚೆ ಬದಿಯ ಮನೆಯ ವೃದ್ಧರೊಬ್ಬರು ಬೇಲಿಯವರೆಗೆ ಬಂದು ನಿಂತರು. ಜಗಳ ತೆಗೆಯಲಿಲ್ಲ. ಈ ಸದ್ದು ಇನ್ನೆಷ್ಟು ದಿನ ಇರುತ್ತದೆಂದು ಕೇಳಿಕೊಂಡು ಹಿಂದಿರುಗಿದರು. ಸುತ್ತಲಿನವರ ದೂರಿನಿಂದಲೇ ಇಂತಹ ಸಣ್ಣ ರನ್‌ವೇಗಳು ಮುಚ್ಚಿಹೋಗುವುದುಂಟು. ನನ್ನ ಸೋದರಳಿಯನ ಮುಖ ಬಾಡಿತು.

ರೋಟರಿ ಎಂಜಿನ್ನಿನ ಸದ್ದಿಗೆ ಕಾರಣ ಅದರ ರಚನೆಯಲ್ಲೇ ಇದೆ. (ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗರಗರನೆ ತಿರುಗುತ್ತಿದ್ದ ಎಂಜಿನ್ನಿಗೂ ಇದೇ ಹೆಸರು, ಅದು ಬೇರೆ, ಇದು ಬೇರೆ. ಇದು ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಕಲ್ಪಿಸಿ, 1957ರಲ್ಲಿ ಮೊದಲು ಓಡಿದ ಎಂಜಿನ್.) ಸಾಮಾನ್ಯ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ದಾರಿಯನ್ನು ಕವಾಟವೊಂದು ಕ್ರಮೇಣ ತೆರೆಯುತ್ತದೆ. ಇಲ್ಲಿ ಕವಾಟವೇ ಇಲ್ಲ. ತ್ರಿಕೋನಾಕಾರದ ರೋಟರಿನ ತುದಿ ಕಿಂಡಿಯನ್ನು ದಾಟಿದೊಡನೆ ಉರಿಯುವ ಅನಿಲ ಒಮ್ಮೆಗೇ ಹೊರನುಗ್ಗುತ್ತದೆ. ಎರಡು ರೋಟರುಗಳ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಸಲ ಹೀಗಾಗುತ್ತದೆ. ಅನಿಲದ ಉಷ್ಣತೆಯೋ, ಸಾಮಾನ್ಯ ಉಕ್ಕಿನ ಸೈಲೆನ್ಸರನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುವಷ್ಟು. ಅವನು ಕೊಂಡು ತಂದಿದ್ದ ಮೊದಲ ಸೈಲೆನ್ಸರಿನ ಒಳಗಿನ ತಡೆಫಲಕಗಳು ಅದೇ ವಾರ ಮುರಿದು, ಡಬ್ಬಿಯೊಳಗಿನ ಕಲ್ಲುಗಳಂತೆ ಗಲಗಲ ಅನ್ನತೊಡಗಿದವು.

ಆ ರಾತ್ರಿ ನನ್ನ ನೆನಪಿಗೆ ಬಂದವನು ಹೈರಮ್ ಪರ್ಸಿ ಮ್ಯಾಕ್ಸಿಮ್. ಯಂತ್ರದ ಸದ್ದು ಅನಿವಾರ್ಯವೆಂದು ಒಪ್ಪದೆ, ಅದನ್ನೇ ಒಂದು ಲೆಕ್ಕದಂತೆ ಬಿಡಿಸಲು ಹೊರಟವನು ಆತ. ಅವನ ಹೆಸರು ಹೇಳಿದರೆ ಹೆಚ್ಚಿನವರಿಗೆ ತಂದೆಯೇ ನೆನಪಾಗುವುದು ಸಹಜ. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ 1884ರಲ್ಲಿ ಲಂಡನ್ನಿನಲ್ಲಿ ರೂಪಿಸಿದ ಮೆಷಿನ್ ಗನ್ ನಿಮಿಷಕ್ಕೆ 600 ಗುಂಡುಗಳನ್ನು ಹಾರಿಸುತ್ತಿತ್ತು. ಆಫ್ರಿಕದಲ್ಲಿ ಬ್ರಿಟಿಷ್ ಸಾಮ್ರಾಜ್ಯ ವಿಸ್ತರಿಸಿದ್ದು ಅದರ ಬಲದಿಂದ. 1898ರಲ್ಲಿ ಸುಡಾನಿನ ಓಮ್ದುರ್ಮಾನ್ ಕದನದಲ್ಲಿ ಸಾವಿರಾರು ಜನ ಕೆಲವೇ ಗಂಟೆಗಳಲ್ಲಿ ನೆಲಕ್ಕುರುಳಿದರು. ಬಂದೂಕಿನ ಪ್ರಯೋಗಗಳಿಂದ ಸ್ವತಃ ತಂದೆಯ ಕಿವಿಯೂ ಮಂದವಾಗುತ್ತ ಹೋಯಿತು.

ಮಗ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1881ರಲ್ಲಿ ತಂದೆ ಯುರೋಪಿಗೆ ಹೊರಟವನು ಈ ಸಂಸಾರಕ್ಕೆ ಮತ್ತೆ ಮರಳಲಿಲ್ಲ. ಅಲ್ಲೇ ಬೇರೆ ಬದುಕು ಕಟ್ಟಿಕೊಂಡ, ಬ್ರಿಟಿಷ್ ಪ್ರಜೆಯಾದ, ಸರ್ ಪದವಿ ಪಡೆದ. ತಾಯಿ ಮತ್ತು ಇಬ್ಬರು ಸೋದರಿಯರೊಡನೆ ಉಳಿದ ಹುಡುಗ 1886ರಲ್ಲಿ, ಇನ್ನೂ ಹದಿನಾರು ತುಂಬಿರುವಾಗಲೇ, ಬಾಸ್ಟನ್ನಿನಲ್ಲಿದ್ದ ಎಂಐಟಿಯಿಂದ ಪದವೀಧರನಾಗಿ ಹೊರಬಂದ.

ಅತ್ತ ತಂದೆ ಮನೆಯಲ್ಲೇ ವಿಮಾನ ಕಟ್ಟುವವರ ಹಿರಿಯಜ್ಜನೂ ಹೌದೆಂಬುದು ನನಗೆ ಆ ಶೆಡ್ಡಿನಲ್ಲಿ ಕುಳಿತಾಗ ಹೊಳೆಯಿತು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ತನ್ನ ಎಸ್ಟೇಟಿನಲ್ಲಿ ಸುಮಾರು ಮೂರೂವರೆ ಟನ್ ತೂಕದ, ಎರಡು ಉಗಿ ಎಂಜಿನ್‌ಗಳ ಹಾರುವ ಯಂತ್ರವೊಂದನ್ನು ಆತ ಕಟ್ಟಿ, 1894ರ ಜುಲೈ 31ರಂದು ಹಳಿಗಳ ಮೇಲೆ ಓಡಿಸಿದ. ಅದು ಮೇಲೆದ್ದು, ಅತಿಯಾಗಿ ಏರದಂತೆ ಅಳವಡಿಸಿದ್ದ ತಡೆಹಳಿಯನ್ನೇ ಮುರಿದು ಹಾಳಾಯಿತು. ರೈಟ್ ಸೋದರರಿಗಿಂತ ಒಂಬತ್ತು ವರ್ಷ ಮೊದಲು!

ಮಗನ ಆರಂಭ ಇದಕ್ಕಿಂತ ಬಹಳ ಚಿಕ್ಕದು. ಮ್ಯಾಸಚೂಸೆಟ್ಸ್‌ನ ಲಿನ್ ಪಟ್ಟಣದ ಸಿಡಿಗುಂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ, 1892ರ ಸುಮಾರಿಗೆ, ಸೈಕಲ್ಲಿನಲ್ಲಿ ಮನೆಗೆ ಹಿಂದಿರುಗುತ್ತ, ಈ ತುಳಿಯುವ ಕೆಲಸವನ್ನು ಪುಟ್ಟ ಎಂಜಿನ್ನೊಂದು ಮಾಡಬಾರದೇಕೆಂಬ ಯೋಚನೆ ಅವನಿಗೆ ಬಂತು. ಪೆಟ್ರೋಲಿನ ಶಕ್ತಿಯನ್ನು ಅರಿಯಲು ಖಾಲಿ ಫಿರಂಗಿ ತೋಟೆಯೊಳಗೆ ಒಂದೆರಡು ತೊಟ್ಟು ಹಾಕಿ, ಅಲುಗಾಡಿಸಿ, ಉರಿಯುವ ಕಡ್ಡಿ ಎಸೆದ. ಕಡ್ಡಿ ಬಿದ್ದೊಡನೆ ಸಿಡಿದ ಸ್ಫೋಟವೇ ಅವನ ಮೊದಲ ಪಾಠ. ಬಳಿಕ ಮೂರು ಸಿಲಿಂಡರಿನ ಎಂಜಿನ್ ಮಾಡಿ, ಬಳಸಿದ ತ್ರಿಚಕ್ರಿಯೊಂದಕ್ಕೆ ಕಟ್ಟಿದ. 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಸೈಕಲ್ ಕಂಪೆನಿ ಅವನನ್ನು ತನ್ನ ಮೋಟಾರು ವಾಹನ ವಿಭಾಗಕ್ಕೆ ಕರೆದುಕೊಂಡಿತು. ಆದರೆ ಯಜಮಾನ ಕರ್ನಲ್ ಪೋಪ್‌ಗೆ ಪೆಟ್ರೋಲ್ ಎಂಜಿನ್ನಿನಲ್ಲಿ ನಂಬಿಕೆಯಿರಲಿಲ್ಲ. ಸ್ಫೋಟದ ಮೇಲೆ ಕುಳಿತು ಪಯಣಿಸಲು ಯಾರೂ ಒಪ್ಪರೆಂಬುದು ಅವನ ವಾದ. ಹೀಗಾಗಿ ಕಂಪೆನಿ ವಿದ್ಯುತ್ ಕಾರುಗಳತ್ತ ವಾಲಿತು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ವಿದ್ಯುತ್ ಕಾರು ನಮ್ಮ ಬೀದಿಗಿಳಿದಿರುವ ಈ ಹೊತ್ತಿನಲ್ಲಿ ಆ ಕರ್ನಲ್‌ನನ್ನು ಮೂರ್ಖನೆನ್ನಲು ನನಗೆ ಮನಸ್ಸಿಲ್ಲ.

ಸದ್ದಿನ ಬಗ್ಗೆ ಅವನು ಗಂಭೀರವಾಗಿ ಯೋಚಿಸಿದ್ದು ಅನಂತರ. ಒಂದು ಬೆಳಿಗ್ಗೆ ಸ್ನಾನದ ತೊಟ್ಟಿಯ ನೀರು ಸುಳಿಸುಳಿಯಾಗಿ ಸುತ್ತುತ್ತ ಇಳಿಯುವುದನ್ನು ಕಂಡಾಗ ದಾರಿ ಹೊಳೆಯಿತೆಂಬ ಕಥೆಯಿದೆ. ಬಂದೂಕಿನ ಸದ್ದೆಂದರೆ ಅತ್ಯಧಿಕ ಒತ್ತಡದ ಅನಿಲ ಒಮ್ಮೆಗೇ ಗಾಳಿಗೆ ಅಪ್ಪಳಿಸುವುದು. ಅದನ್ನು ಒಳಗೇ ಸುತ್ತಿಸಿ, ದಣಿಸಿ, ನಿಧಾನವಾಗಿ ಹೊರಬಿಟ್ಟರೆ ಅಬ್ಬರ ತಗ್ಗುತ್ತದೆ. ನಳಿಕೆಯ ತುದಿಗೆ ತಿರುಗಿಸಿ ಕೂಡಿಸುವ, ಒಳಗೆ ಬಾಗಿದ ಫಲಕಗಳ ಸಾಲಿರುವ ಕೊಳವೆಗೆ ಅವನು 1909ರಲ್ಲಿ ಪೇಟೆಂಟ್ ಪಡೆದ. ಗುಂಡು ನೆಟ್ಟಗೆ ಹೋಗುತ್ತದೆ, ಅನಿಲ ಫಲಕಗಳ ನಡುವೆ ಸಿಲುಕಿ ಸುತ್ತುತ್ತದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯನ್ನು ಸೀಳುವ ಚಟೀರ್ ಸದ್ದನ್ನು ಮಾತ್ರ ಯಾವ ಕೊಳವೆಯೂ ತಡೆಯಲಾರದು. ಆದ್ದರಿಂದ ಸಿನಿಮಾಗಳಲ್ಲಿ ಕಾಣುವ ನಿಶ್ಶಬ್ದ ಕೊಲೆಗೂ ಆ ಸಾಧನಕ್ಕೂ ಬಹಳ ಅಂತರವಿದೆ.

ನೆರೆಯವರ ನೆಮ್ಮದಿ ಕೆಡಿಸದೆ ಗುರಿಯ ಅಭ್ಯಾಸ ಮಾಡಬಹುದೆಂಬುದು ಅವನ ಪ್ರಚಾರವಾಗಿತ್ತು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ತನ್ನ ರೈಫಲ್ಲಿಗೆ ಅದನ್ನು ಹಾಕಿಸಿಕೊಂಡಿದ್ದ. ಆದರೆ ಅದನ್ನು ಸೇನೆಗೂ ಮಾರಿದವನನ್ನು ಬರೀ ಸಜ್ಜನಿಕೆಯ ವ್ಯಾಪಾರಿಯೆಂದು ಬಣ್ಣಿಸುವುದು ನನಗೆ ಸರಿಕಾಣುವುದಿಲ್ಲ. ತಂದೆಯ ಆಯುಧದಿಂದ ದೂರ ಸರಿಯುತ್ತಲೇ ಮಗ ಆಯುಧದ ನೆರಳಲ್ಲೇ ನಿಂತಿದ್ದ. ಅಪರಾಧಿಗಳ ಕೈಗೆ ಸಿಕ್ಕರೆ ಏನು ಗತಿಯೆಂಬ ಭಯ ಸಮಾಜದಲ್ಲಿ ಬೆಳೆಯಿತು. 1934ರಲ್ಲಿ ಅಮೆರಿಕದ ಕಾನೂನು ಅಂತಹ ಪ್ರತಿ ಸಾಧನದ ಮೇಲೆ 200 ಡಾಲರ್ ತೆರಿಗೆ ಹೇರಿತು. ಆ ಕಾಲಕ್ಕೆ ಅದು ನಿಷೇಧಕ್ಕೆ ಸಮಾನ.

ಅಷ್ಟರೊಳಗೆ ಅವನ ಕಂಪೆನಿ ಬಂದೂಕನ್ನು ಕೈಬಿಟ್ಟಾಗಿತ್ತು. ಬಂದೂಕಿಗೆ ಸರಿಯೆನಿಸಿದ ತತ್ವ ಎಂಜಿನ್ನಿಗೂ ಸರಿಯೇ ಎಂಬ ಅರಿವು ಅವನನ್ನು ಡೀಸೆಲ್ ಎಂಜಿನ್, ಗಾಳಿಯ ಪಂಪು, ಬ್ಲೋವರ್‌ಗಳ ಸೈಲೆನ್ಸರ್‌ಗಳತ್ತ ಒಯ್ದಿತ್ತು. ಇಲ್ಲಿ ಲೆಕ್ಕ ಒಂದು ಬಗೆಯಲ್ಲಿ ಸುಲಭ, ನೆಟ್ಟಗೆ ಹೋಗಬೇಕಾದ ಗುಂಡಿಲ್ಲ. ಇನ್ನೊಂದು ಬಗೆಯಲ್ಲಿ ಕಠಿಣ. ಬಂದೂಕಿನ ಅನಿಲ ಕ್ಷಣದ್ದು, ಎಂಜಿನ್ನಿನದು ಎಡೆಬಿಡದ ಹರಿವು. ಅತಿಯಾಗಿ ತಡೆದರೆ ಹಿಮ್ಮುಖ ಒತ್ತಡದಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಸದ್ದಡಗಿಸಿ ಶಕ್ತಿ ಉಳಿಸುವುದರಲ್ಲೇ ಕೌಶಲವಿದೆ. ಕೊನೆಗೆ ಆತ ಮನೆಯ ಕಿಟಕಿಗೆ ಕೂಡಿಸಿ, ಬೀದಿಯ ಗದ್ದಲವನ್ನು ಹೊರಗಿಟ್ಟು ಗಾಳಿಯನ್ನಷ್ಟೇ ಒಳಬಿಡುವ ಸಾಧನವನ್ನೂ ಮಾಡಿದ. ಸೈಲೆನ್ಸರ್ ಕಿತ್ತೆಸೆದ ಬೈಕುಗಳು ನಡುರಾತ್ರಿ ಬೀದಿ ಸೀಳಿಕೊಂಡು ಹೋಗುವಾಗ ಬೆಂಗಳೂರಿನ ನನ್ನ ಮನೆಗೆ ಅಂಥದ್ದೊಂದು ಇರಬಾರದಿತ್ತೆ ಎಂದು ಹಂಬಲಿಸಿದ್ದೇನೆ.

ಸದ್ದಡಗಿಸಲು ಇಷ್ಟು ಶ್ರಮಿಸಿದವನಿಗೆ ಮನುಷ್ಯರು ದೂರದೂರದಿಂದ ಮಾತಾಡಿಕೊಳ್ಳುವುದೆಂದರೆ ಪ್ರಾಣ. 1914ರಲ್ಲಿ ಯುವಕ ಕ್ಲಾರೆನ್ಸ್ ಟಸ್ಕಾನೊಡನೆ ಅವನು ಸ್ಥಾಪಿಸಿದ ಅಮೆರಿಕನ್ ರೇಡಿಯೊ ರಿಲೇ ಲೀಗ್ ಹ್ಯಾಮ್ ರೇಡಿಯೊ ಹವ್ಯಾಸಿಗಳ ತವರಾಯಿತು. ತನ್ನ ಸಂದೇಶ ನೇರವಾಗಿ ತಲುಪದ ಊರಿಗೆ ನಡುವಿನ ಹವ್ಯಾಸಿಯೊಬ್ಬನ ನೆರವಿನಿಂದ ತಲುಪಿದ್ದೇ ಆ ಸಂಘಟನೆಯ ಮೂಲಪ್ರೇರಣೆ. ಅವನ ಕರೆಸಂಕೇತವಾಗಿದ್ದ ಡಬ್ಲ್ಯು1ಎಡಬ್ಲ್ಯು ಇಂದಿಗೂ ಆ ಲೀಗಿನ ಕೇಂದ್ರದಿಂದ ಮೊಳಗುತ್ತಿದೆ.

ತನ್ನನ್ನು ತೊರೆದ ತಂದೆಯ ಬಗ್ಗೆ ಅವನು ಬರೆದ ಪುಸ್ತಕ ಪ್ರಕಟವಾದದ್ದು 1936ರಲ್ಲಿ. ಅದರಲ್ಲಿ ಮೆಷಿನ್ ಗನ್ನಿನ ವೈಭವವಿಲ್ಲ, ದೂರೂ ಇಲ್ಲ. ಪುಟ್ಟ ಹುಡುಗನೊಬ್ಬ ಕಂಡ ಚೇಷ್ಟೆಯ, ಕೋಪದ, ಅಪಾರ ಬುದ್ಧಿಯ ಅಪ್ಪನಿದ್ದಾನೆ. ಓದುವಾಗ ನನಗೆ ಅಚ್ಚರಿಯೆನಿಸಿದ್ದು ಆ ಪ್ರೀತಿ. ಅದೇ ವರ್ಷದ ಫೆಬ್ರುವರಿ 17ರಂದು, ಪಶ್ಚಿಮದತ್ತ ರೈಲಿನಲ್ಲಿ ಪಯಣಿಸುತ್ತಿದ್ದಾಗ ಕಾಯಿಲೆ ಬಿದ್ದು, ಕೊಲರಾಡೊದ ಲಾ ಹುಂಟಾ ಪಟ್ಟಣದಲ್ಲಿ ಕೊನೆಯುಸಿರೆಳೆದ. ವಯಸ್ಸು 66.

ಮರುದಿನ ಬೆಳಿಗ್ಗೆ ಇದನ್ನೆಲ್ಲ ಹೇಳಿದಾಗ ಸೋದರಳಿಯ ಮೌನವಾಗಿ ಕೇಳಿಸಿಕೊಂಡ. ಎರಡನೆಯ ಸೈಲೆನ್ಸರನ್ನು ಶಾಖ ತಾಳುವ ಮಿಶ್ರಲೋಹದಿಂದ ತಾನೇ ಮಾಡಿದ. ಅನಿಲ ಮೊದಲು ಅಗಲವಾದ ಕೋಣೆಯಲ್ಲಿ ಹಿಗ್ಗಿ, ಬಳಿಕ ರಂಧ್ರಗಳ ಕೊಳವೆಗೆ ನುಗ್ಗುವಂತೆ ಜೋಡಿಸಿದ. ಕಾದಾಗ ಲೋಹ ಹಿಗ್ಗಲು ಎಡೆಯಿರಲೆಂದು ಒಂದು ಕೊಳವೆ ಇನ್ನೊಂದರೊಳಗೆ ಜಾರುವಂತೆ ಬಿಟ್ಟ. ವಿಮಾನದ ತೂಕ ಕೆಲವು ಕಿಲೊ ಹೆಚ್ಚಿತು, ಶಕ್ತಿ ತುಸು ತಗ್ಗಿತು. ಗರಗಸದ ಸದ್ದು ಮಾತ್ರ ಹೋಗಿ ದಪ್ಪನೆಯ ಗುಡುಗಾಯಿತು. ನಾನು ಹೊರಡುವ ಮುನ್ನಾದಿನ ವಿಮಾನ ಮೇಲೇರಿ ಎರಡು ಸುತ್ತು ಹಾಕಿ ಇಳಿಯಿತು. ಬೇಲಿಯಾಚೆಯ ವೃದ್ಧರು ಮತ್ತೆ ಬಂದು, ಎಂಜಿನ್ನು ಪರವಾಗಿಲ್ಲ, ಆದರೆ ರೆಕ್ಕೆಯಂಥದ್ದೇನೋ ಕಿರುಚುತ್ತದಲ್ಲ ಎಂದು ಕೈ ಸುತ್ತಿಸಿ ತೋರಿಸಿದರು. ಅವರು ಹೇಳಿದ್ದು ಪ್ರೊಪೆಲ್ಲರಿನ ಸದ್ದು; ಗುಂಡಿನ ಚಟೀರಿನಂತೆ ಅದೂ ಯಾವ ಸೈಲೆನ್ಸರಿಗೂ ಸಿಗುವುದಿಲ್ಲ. ಸೋದರಳಿಯ ಈಗ ನಿಧಾನವಾಗಿ ತಿರುಗುವ ಅಗಲ ಅಲಗಿನ ಪ್ರೊಪೆಲ್ಲರ್ ಒಂದರ ಲೆಕ್ಕ ಹಾಕುತ್ತಿದ್ದಾನೆ.